ಚೀನಾದ ಅದ್ದೂರಿ ಐತಿಹಾಸಿಕ ಯುದ್ಧಚಿತ್ರಗಳನ್ನು ತೂಗಿ ನೋಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚೀನಾದ ಯುದ್ಧಚಿತ್ರಗಳ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲಿಯೇ ಇಲ್ಲಿ ಕೊಡಲಾಗಿದೆ. ಉತ್ತರಗಳಲ್ಲಿ 'ರೆಡ್ ಕ್ಲಿಫ್' ಹೆಚ್ಚು ಸಲ ಕಾಣಿಸಿಕೊಳ್ಳುತ್ತದೆ. ಈ ಬಗೆಯ ಚಿತ್ರಗಳ ಶಕ್ತಿ ಮತ್ತು ದೌರ್ಬಲ್ಯಗಳೆರಡೂ ಅಷ್ಟು ಸ್ಪಷ್ಟವಾಗಿ ಒಂದೇ ಕಡೆ ಸಿಗುವುದು ಅಪರೂಪ.

## ನೋಡಲು ತೊಡಗುವವರಿಗೆ

ಚೀನಾದ ಇತಿಹಾಸ ನನಗೆ ಏನೇನೂ ಗೊತ್ತಿಲ್ಲ. ಯಾವ ಸಿನಿಮಾದಿಂದ ಶುರು ಮಾಡಲಿ?

ಜಾನ್ ವೂ ನಿರ್ದೇಶಿಸಿದ 'ರೆಡ್ ಕ್ಲಿಫ್'ನಿಂದ. ಅದರ ಮೊದಲ ಭಾಗ 2008ರಲ್ಲಿಯೂ ಎರಡನೆಯದು 2009ರ ಆರಂಭದಲ್ಲಿಯೂ ತೆರೆಕಂಡವು. ನೋಡುವ ಮೊದಲು ತಿಳಿದಿರಬೇಕಾದ ಸಂಗತಿ ಬಹಳ ಇಲ್ಲ. ಹಾನ್ ಸಾಮ್ರಾಜ್ಯ ಕುಸಿಯುತ್ತಿದ್ದ ಕಾಲವದು. ಚಕ್ರವರ್ತಿ ಹೆಸರಿಗಷ್ಟೇ ಇದ್ದು, ಅಧಿಕಾರವೆಲ್ಲ ಪ್ರಧಾನಿ ತ್ಸಾವೊ ತ್ಸಾವೊನ ಕೈಯಲ್ಲಿತ್ತು. ಉತ್ತರ ಚೀನಾವನ್ನು ಗೆದ್ದು ಮುಗಿಸಿದ ಆತ ಕ್ರಿ.ಶ. 208ರಲ್ಲಿ ದಕ್ಷಿಣಕ್ಕೆ ದಂಡೆತ್ತಿ ಬಂದ. ಅವನನ್ನು ಎದುರಿಸಲು ಒಂದಾದವರು ಇಬ್ಬರು: ನೆಲೆ ಕಳೆದುಕೊಂಡು ಜನರೊಡನೆ ಓಡುತ್ತಿದ್ದ ಲಿಯು ಬೇ, ಮತ್ತು ಯಾಂಗ್‌ತ್ಸೆ ನದಿಯ ಕೆಳಪಾತ್ರದ ನಾಡನ್ನು ಆಳುತ್ತಿದ್ದ, ಇನ್ನೂ 30 ದಾಟದ ಸುನ್ ಚ್ವಾನ್. ಲಿಯು ಬೇಯ ಮಂತ್ರಾಲೋಚಕ ಝೂಗೆ ಲಿಯಾಂಗ್. ಸುನ್ ಚ್ವಾನ್‌ನ ದಂಡನಾಯಕ ಝೌ ಯು. ತಕೇಶಿ ಕನೇಶಿರೊ ಮತ್ತು ಟೋನಿ ಲ್ಯೂಂಗ್ ನಟಿಸಿರುವ ಈ ಎರಡು ಪಾತ್ರಗಳ ಗೆಳೆತನದ ಮೇಲೆ ಇಡೀ ಚಿತ್ರ ನಿಂತಿದೆ.

ಎರಡು ಭಾಗಗಳನ್ನೂ ನೋಡಲೇಬೇಕೇ? ಎರಡೂವರೆ ಗಂಟೆಯ ಒಂದೇ ಸಿನಿಮಾವೂ ಇದೆಯಲ್ಲ?

ಎರಡು ಭಾಗಗಳನ್ನೇ ನೋಡಿ. ಏಷ್ಯಾದ ಹೊರಗಿನ ಪ್ರೇಕ್ಷಕರಿಗಾಗಿ ನಾಲ್ಕೂವರೆ ಗಂಟೆಗೂ ಮಿಕ್ಕಿದ ಚಿತ್ರವನ್ನು 148 ನಿಮಿಷಗಳಿಗೆ ಇಳಿಸಿದಾಗ ಕಳೆದುಹೋದದ್ದು ಕಾಳಗವಲ್ಲ, ಕಾಳಗಕ್ಕೆ ಮೊದಲಿನ ಯೋಚನೆ. ಯಾರು ಯಾರನ್ನು ಏಕೆ ನಂಬಿದರು, ಗಾಳಿಯ ದಿಕ್ಕಿಗಾಗಿ ಏಕೆ ಕಾದರು ಎಂಬುದೆಲ್ಲ ತೆಳುವಾದರೆ ಶತ್ರುವಿನ ಹಡಗುಗಳಿಗೆ ಹಚ್ಚುವ ಕೊನೆಯ ಬೆಂಕಿ ಬರಿಯ ಬೆಂಕಿಯಾಗಿ ಉಳಿಯುತ್ತದೆ. ಮೊದಲ ಸಲಕ್ಕೆ ಅಷ್ಟು ಸಮಯವಿಲ್ಲದಿದ್ದರೆ, ಸಮಯ ಸಿಗುವವರೆಗೆ ಕಾಯುವುದೇ ಲೇಸು.

ಡಬ್ ಆದದ್ದನ್ನು ನೋಡಿದರೆ ಏನು ನಷ್ಟ?

ಪಾತ್ರಗಳು ದನಿಯೇರಿಸದೆ ಮಾತಾಡುವ ಸಭಾದೃಶ್ಯಗಳೇ ಈ ಚಿತ್ರಗಳಲ್ಲಿ ಅತ್ಯಂತ ಬಿಗುವಿನವು, ಮತ್ತು ಡಬ್ಬಿಂಗ್ ಮೊದಲು ಹಾಳುಮಾಡುವುದು ಅವನ್ನೇ. ಮೂಲ ದನಿಯೊಂದಿಗೆ ಸಬ್‌ಟೈಟಲ್ ಇಟ್ಟುಕೊಂಡು ನೋಡಿ.

ತೆರೆಯ ಮೇಲಿನ ಆ ಸಾವಿರಾರು ಸೈನಿಕರು ನಿಜವಾದ ಮನುಷ್ಯರೋ, ಎಲ್ಲಾ ಗ್ರಾಫಿಕ್ಸೋ?

ಎರಡೂ ಹೌದು. 'ರೆಡ್ ಕ್ಲಿಫ್'ನ ಕಾಲಾಳುಗಳಾಗಿ ಚೀನಾದ ಸೇನೆಯ ಯೋಧರೇ ನಿಂತಿದ್ದರು. ತ್ಸಾವೊ ತ್ಸಾವೊನ ನೌಕಾಪಡೆಯನ್ನು ಮಾತ್ರ ಬಹುಮಟ್ಟಿಗೆ ಕಂಪ್ಯೂಟರ್ ಹುಟ್ಟಿಸಿತು. ವ್ಯತ್ಯಾಸ ಕಣ್ಣಿಗೆ ತಿಳಿಯುತ್ತದೆ. ಗುರಾಣಿ ಹಿಡಿದ ನಿಜವಾದ ಸಾಲು ತಿರುಗುವಾಗ ಧೂಳು ಏಳುತ್ತದೆ, ಒಬ್ಬ ಅರೆಗಳಿಗೆ ತಡವಾಗುತ್ತಾನೆ, ಗುರಾಣಿಗೆ ಗುರಾಣಿ ತಾಗುತ್ತದೆ. ಗ್ರಾಫಿಕ್ಸ್ ಹಡಗುಗಳ ಮೇಲೆ ಕ್ಯಾಮೆರಾ ಹಕ್ಕಿಯಂತೆ ಹಾರಿದಾಗ ಸಂಖ್ಯೆ ದೊಡ್ಡದಾಗುತ್ತದೆ, ಭಾರ ಇಳಿಯುತ್ತದೆ. ಆದರೆ ನೈಜತೆಗೆ ತೆರುವ ಬೆಲೆಯನ್ನೂ ಮರೆಯಬಾರದು: ಈ ಚಿತ್ರಕ್ಕಾಗಿ ಹಡಗಿನ ಬೆಂಕಿಯ ದೃಶ್ಯವನ್ನು ತೆಗೆಯುತ್ತಿದ್ದಾಗ 2008ರ ಜೂನ್‌ನಲ್ಲಿ ಒಬ್ಬ ಸಾಹಸ ಕಲಾವಿದ ಪ್ರಾಣ ಕಳೆದುಕೊಂಡ. ಬೆಂಕಿ ಗ್ರಾಫಿಕ್ಸ್‌ನದು ಎಂಬ ಒಂದೇ ಕಾರಣಕ್ಕೆ ಚಿತ್ರವೊಂದನ್ನು ಕೀಳೆನ್ನುವವರ ಮಾತನ್ನು ನಾನು ಒಪ್ಪದಿರುವುದು ಇದರಿಂದಲೇ.

## ಇತಿಹಾಸ ಮತ್ತು ಕಥೆ

ಸಿನಿಮಾದಲ್ಲಿ ತೋರಿಸಿದ್ದೆಲ್ಲ ನಿಜವಾಗಿ ನಡೆದದ್ದೇ?

ಮೂರು ಪದರಗಳಿವೆ. ಮೊದಲನೆಯದು, ಕ್ರಿ.ಶ. 3ನೆಯ ಶತಮಾನದಲ್ಲಿ ಚೆನ್ ಶೌ ಬರೆದ, ಹಾನ್ ಸಾಮ್ರಾಜ್ಯ ಒಡೆದು ಹುಟ್ಟಿದ ಮೂರು ರಾಜ್ಯಗಳ ಚರಿತ್ರೆ. ಅದಕ್ಕೆ 5ನೆಯ ಶತಮಾನದಲ್ಲಿ ಪೇ ಸುಂಗ್‌ಝಿ, ಅಂದಿಗೆ ಉಳಿದಿದ್ದ ಹತ್ತಾರು ಗ್ರಂಥಗಳಿಂದ ಆಯ್ದು ವಿಸ್ತಾರವಾದ ಟಿಪ್ಪಣಿ ಸೇರಿಸಿದ. ಎರಡನೆಯದು, 14ನೆಯ ಶತಮಾನದ ಲುವೊ ಗುವಾನ್‌ಝುಂಗ್‌ನ ಹೆಸರಿನಲ್ಲಿರುವ ಕಾದಂಬರಿ, ಅಂದರೆ ಕಥೆಗಾರರ ಮತ್ತು ರಂಗಭೂಮಿಯ ಬಾಯಲ್ಲಿ ಬೆಳೆದ ಕಥನ. ಮೂರನೆಯದು ಚಿತ್ರತಂಡದ ಸ್ವಂತ ಕಲ್ಪನೆ.

ಝೌ ಯುವಿನ ಕೈಕೆಳಗಿನ ಹುವಾಂಗ್ ಗಾಯ್ ಎಂಬ ಸೇನಾನಿ ತ್ಸಾವೊ ತ್ಸಾವೊನ ಹಡಗುಗಳು ಒಂದಕ್ಕೊಂದು ತಾಗಿ ನಿಂತಿರುವುದನ್ನು ಕಂಡು, ಶರಣಾಗುವ ನೆಪದಲ್ಲಿ ಒಣಹುಲ್ಲು ಮತ್ತು ಎಣ್ಣೆ ತುಂಬಿದ ಹಡಗುಗಳನ್ನು ನುಗ್ಗಿಸಿ ಬೆಂಕಿ ಹಚ್ಚಿದ್ದು ಚರಿತ್ರೆ. ಝೂಗೆ ಲಿಯಾಂಗ್ ಹುಲ್ಲಿನ ಬೊಂಬೆಗಳಿದ್ದ ದೋಣಿಗಳನ್ನು ಮಂಜಿನಲ್ಲಿ ಕಳಿಸಿ ಶತ್ರುವಿನ ಬಾಣಗಳನ್ನು ದೋಚಿದ್ದು ಕಾದಂಬರಿ. ಆ ಪ್ರಸಂಗಕ್ಕೂ ಒಂದು ಬೀಜವಿದೆ. ಪೇ ಸುಂಗ್‌ಝಿಯ ಟಿಪ್ಪಣಿಯಲ್ಲಿ ಬರುವ ವೃತ್ತಾಂತವೊಂದರ ಪ್ರಕಾರ, 213ರಲ್ಲಿ ಸುನ್ ಚ್ವಾನ್‌ನ ಹಡಗಿನ ಒಂದು ಮಗ್ಗುಲಿಗೆ ಬಾಣಗಳು ನಾಟಿ ಹಡಗು ವಾಲಿದಾಗ, ಅವನು ಅದನ್ನು ತಿರುಗಿಸಿ ಇನ್ನೊಂದು ಮಗ್ಗುಲಿಗೂ ಬಾಣ ತಿನ್ನಿಸಿ ಸಮತೋಲ ತಂದುಕೊಂಡನಂತೆ. ಝೌ ಯುವಿನ ಹೆಂಡತಿ ಒಂಟಿಯಾಗಿ ತ್ಸಾವೊ ತ್ಸಾವೊನ ಪಾಳೆಯಕ್ಕೆ ಹೋಗಿ ಚಹಾ ಮಾಡುತ್ತ ದಾಳಿಯನ್ನು ತಡೆದು ನಿಲ್ಲಿಸುವುದು ಪೂರ್ತಿಯಾಗಿ ಚಿತ್ರದ ಕಲ್ಪನೆ.

ಇಲ್ಲಿ ಜಾನ್ ವೂ ಮಾಡಿದ ಒಂದು ಆಯ್ಕೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕಾದಂಬರಿಯ ಝೌ ಯು ಅಸೂಯೆಯಿಂದ ಬೆಂದು ಸಾಯುವವನು. ಚರಿತ್ರೆಯ ಝೌ ಯು ಉದಾರಿ, ಸಂಗೀತಜ್ಞ, ಕುಡಿದ ಮತ್ತಿನಲ್ಲೂ ವಾದ್ಯಗಾರನ ತಪ್ಪು ಸ್ವರವನ್ನು ಗುರುತಿಸುತ್ತಿದ್ದವನು. ಜನಮನದಲ್ಲಿ ಶತಮಾನಗಳಿಂದ ಕೂತಿದ್ದ ಚಿತ್ರವನ್ನು ಬದಿಗಿಟ್ಟು ನಿರ್ದೇಶಕ ಚರಿತ್ರೆಯ ಮನುಷ್ಯನನ್ನು ಮರಳಿ ತಂದ. ಕಲ್ಪನೆ ಎಷ್ಟಿದೆ ಎಂದು ಎಣಿಸುವುದಕ್ಕಿಂತ, ಕಲ್ಪನೆ ಮನುಷ್ಯರನ್ನು ದೊಡ್ಡವರನ್ನಾಗಿಸಿತೋ ಚಿಕ್ಕವರನ್ನಾಗಿಸಿತೋ ಎಂದು ಕೇಳುವುದು ಹೆಚ್ಚು ಉಪಯುಕ್ತ.

ತ್ಸಾವೊ ತ್ಸಾವೊನ ಸೈನ್ಯ ಎಂಟು ಲಕ್ಷ ಅಂತಾರೆ. ಅಷ್ಟು ಜನ ಇರೋಕೆ ಸಾಧ್ಯವೇ?

ಎಂಟು ಲಕ್ಷವೆಂಬುದು ಎದುರಾಳಿಯನ್ನು ಹೆದರಿಸಲು ತ್ಸಾವೊ ತ್ಸಾವೊ ಪತ್ರದಲ್ಲಿ ಬರೆದ ಸಂಖ್ಯೆ. ಝೌ ಯು ಅದನ್ನು ಬಿಡಿಸಿ ಲೆಕ್ಕ ಹಾಕಿದ: ಉತ್ತರದಿಂದ ಬಂದವರು ಒಂದೂವರೆ ಲಕ್ಷದಷ್ಟು, ಅವರೂ ದಣಿದವರು; ಜಿಂಗ್ ಪ್ರಾಂತದಲ್ಲಿ ಶರಣಾಗಿ ಸೇರಿಕೊಂಡವರು ಹೆಚ್ಚೆಂದರೆ ಎಪ್ಪತ್ತು ಎಂಬತ್ತು ಸಾವಿರ, ಅವರು ಮನಸ್ಸಿಟ್ಟು ಕಾದುವವರಲ್ಲ. ತನಗೆ ಕೆಲವು ಹತ್ತು ಸಾವಿರ ಜನ ಸಾಕೆಂದ ಝೌ ಯುವಿಗೆ ಸಿಕ್ಕಿದ್ದು 30,000. ಉತ್ತರದವರಿಗೆ ಹಡಗಿನ ಅಭ್ಯಾಸವಿರಲಿಲ್ಲ, ಮೇವು ಸಾಲದಿತ್ತು, ರೋಗ ಹರಡಿತ್ತು. ಬೆಂಕಿಗೆ ಮುಂಚೆಯೇ ಆ ಸೈನ್ಯ ಅರ್ಧ ಸೋತಿತ್ತು ಎನ್ನಬಹುದು. ಸಂಖ್ಯೆಯನ್ನು ಬರಿದೆ ಗುಂಪಾಗಿ ತೋರಿಸುವ ಚಿತ್ರಕ್ಕಿಂತ, ಆ ಗುಂಪಿಗೆ ಊಟ, ನಿದ್ದೆ, ಜ್ವರಗಳಿವೆಯೆಂದು ನೆನಪಿಟ್ಟುಕೊಂಡ ಚಿತ್ರ ದೊಡ್ಡದು. 'ರೆಡ್ ಕ್ಲಿಫ್' ರೋಗದ ವಿಷಯವನ್ನು ಬಿಟ್ಟಿಲ್ಲ. ರೋಗದಿಂದ ಸತ್ತವರ ಹೆಣಗಳನ್ನು ನದಿಯ ಆಚೆಗೆ ತೇಲಿಬಿಡುವ ದೃಶ್ಯ ಕಲ್ಪಿತವಾದರೂ, ಅದರ ಹಿಂದಿನ ಸಂಕಟ ಚಾರಿತ್ರಿಕವಾದದ್ದು.

ಆಯುಧ, ಕವಚ, ಕುದುರೆಯ ಸರಂಜಾಮು ಆ ಕಾಲದ್ದೇ? ತಪ್ಪಿದ್ದರೆ ಅಂಕ ಕಳೆಯಬೇಕೇ?

ತಪ್ಪುಗಳಿವೆ. ಸವಾರ ಕಾಲಿಡುವ ರಿಕಾಪು ಜೋಡಿಯಾಗಿ ಚೀನಾದಲ್ಲಿ ಕಾಣಿಸಿಕೊಳ್ಳುವುದು 4ನೆಯ ಶತಮಾನದ ಸಮಾಧಿ ಬೊಂಬೆಗಳಲ್ಲಿ. 208ರ ಸವಾರರು ಅದಿಲ್ಲದೆಯೇ ಕಾದಿದ್ದಾರು. ಲಿಯು ಬೇಯ ಸೇನಾನಿ, ಮುಂದೆ ದೇವರೆಂದು ಪೂಜೆಗೊಂಡ ಗುವಾನ್ ಯುವಿನ ಕೈಯಲ್ಲಿ ಎಲ್ಲರೂ ನಿರೀಕ್ಷಿಸುವ ಅರ್ಧಚಂದ್ರಾಕಾರದ ಉದ್ದ ಹಿಡಿಯ ಖಡ್ಗವೂ ಅವನ ಕಾಲಕ್ಕಿಂತ ಎಷ್ಟೋ ಶತಮಾನ ಈಚಿನದು. ಸಿಡಿಮದ್ದಿನ ಅಚ್ಚಾದ ಸೂತ್ರ ಮೊದಲು ಸಿಗುವುದು 1044ರ ಸೈನಿಕ ಗ್ರಂಥವೊಂದರಲ್ಲಿ. ಹಾಗಾಗಿ ಅದಕ್ಕೆ ಎಂಟು ಶತಮಾನ ಹಿಂದಿನ ಕಥೆಯಲ್ಲಿ ಹಡಗುಗಳು ಬಾಂಬ್ ಬಿದ್ದಂತೆ ಸಿಡಿಯುವಾಗ ಚಿತ್ರ ದಾರಿ ತಪ್ಪುತ್ತದೆ.

ಎಲ್ಲ ತಪ್ಪಿಗೂ ಒಂದೇ ತೂಕವಿಲ್ಲ. ರಿಕಾಪನ್ನು ನಾನು ಕ್ಷಮಿಸುತ್ತೇನೆ, ಏಕೆಂದರೆ ಅದು ನಟರ ಪ್ರಾಣ ಕಾಪಾಡುತ್ತದೆ. ಗುವಾನ್ ಯುವಿನ ಖಡ್ಗ ದೇವಾಲಯಗಳ ಮೂರ್ತಿಗಳಿಂದ ಬಂದದ್ದು, ಅದಿಲ್ಲದೆ ಚೀನೀ ಪ್ರೇಕ್ಷಕ ಅವನನ್ನು ಗುರುತಿಸುವುದೂ ಕಷ್ಟ. ಸ್ಫೋಟಗಳನ್ನು ಮಾತ್ರ ಕ್ಷಮಿಸಲಾರೆ. ಬೆಂಕಿ ನಿಧಾನವಾಗಿ, ಗಾಳಿಯನ್ನು ಅನುಸರಿಸಿ, ಹಡಗಿನಿಂದ ಹಡಗಿಗೆ ಹರಡುವುದೇ ಆ ರಾತ್ರಿಯ ಯುದ್ಧತಂತ್ರ. ಅದನ್ನು ಸ್ಫೋಟವಾಗಿಸಿದರೆ ತಂತ್ರವೇ ಅಳಿಸಿಹೋಗುತ್ತದೆ.

ಯುದ್ಧ ನಡೆದ ಜಾಗ ಈಗಲೂ ಇದೆಯೇ?

ಹುಬೇ ಪ್ರಾಂತದಲ್ಲಿ ಕೆಂಪು ಬಂಡೆ ಎಂಬ ಹೆಸರಿಗೆ ಎರಡು ಊರುಗಳ ದಾವೆಯಿದೆ. ಒಂದು ಊರು 1998ರಲ್ಲಿ ತನ್ನ ಹಳೆಯ ಹೆಸರನ್ನೇ ಬಿಟ್ಟು ಚಿಬಿ, ಅಂದರೆ ಕೆಂಪು ಬಂಡೆ, ಎಂದು ಹೆಸರಿಟ್ಟುಕೊಂಡಿತು. ಇನ್ನೊಂದು ಹುವಾಂಗ್‌ಝೌ, ಗಡೀಪಾರಾಗಿ ಅಲ್ಲಿದ್ದ ಕವಿ ಸು ಶಿ 1082ರಲ್ಲಿ ಅಲ್ಲಿನ ಬಂಡೆಯ ಕೆಳಗೆ ದೋಣಿಯಲ್ಲಿ ಕೂತು ಬರೆದ ರಚನೆಗಳಿಂದ ಅದು ಪ್ರಸಿದ್ಧ. ಯುದ್ಧ ನಡೆದದ್ದು ಅಲ್ಲಿ ಅಲ್ಲವೆಂದೇ ಬಹುಪಾಲು ವಿದ್ವಾಂಸರು ಭಾವಿಸುತ್ತಾರೆ.

## ತೂಗಿ ನೋಡುವಾಗ

ಯುದ್ಧದ ದೃಶ್ಯ ಚೆನ್ನಾಗಿದೆಯೋ ಇಲ್ಲವೋ ಅಂತ ನೀವು ಹೇಗೆ ತೀರ್ಮಾನಿಸುತ್ತೀರಿ? ನನಗಂತೂ ಎಲ್ಲಾ ಒಂದೇ ಥರ ಕಾಣುತ್ತೆ.

ಎಲ್ಲವೂ ಒಂದೇ ತೆರನಾಗಿ ಕಂಡರೆ ತಪ್ಪು ಬಹುಮಟ್ಟಿಗೆ ಚಿತ್ರದ್ದು. ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ: ದೃಶ್ಯ ಮುಗಿದ ಮೇಲೆ, ಯಾರು ಏಕೆ ಗೆದ್ದರೆಂದು ಇತಿಹಾಸ ತಿಳಿಯದ ಪ್ರೇಕ್ಷಕ ತನ್ನ ಮಾತಿನಲ್ಲಿ ಹೇಳಬಲ್ಲನೇ? ಹೇಳಬಲ್ಲನಾದರೆ ಖರ್ಚು ಮಾಡಿದ ಹಣ ಯುದ್ಧದ ತರ್ಕಕ್ಕೆ ದುಡಿದಿದೆ. ಇಲ್ಲವಾದರೆ ಅದು ಗದ್ದಲಕ್ಕೆ ಹೋಗಿದೆ.

'ರೆಡ್ ಕ್ಲಿಫ್'ನ ಮೊದಲ ಭಾಗದ ಕೊನೆಯಲ್ಲಿ ಬರುವ ಅಷ್ಟದಿಕ್ಕಿನ ವ್ಯೂಹವನ್ನು ನೋಡಿ. ಮೊದಲು ಆಮೆಯ ಚಿಪ್ಪಿನಂಥ ಆಕೃತಿಯ ಪರಿಚಯವಾಗುತ್ತದೆ. ಆಮೇಲೆ ಶತ್ರುವಿನ ಕುದುರೆಪಡೆಯನ್ನು ಧೂಳೆಬ್ಬಿಸಿ ಒಳಗೆಳೆಯಲಾಗುತ್ತದೆ. ಗುರಾಣಿಗಳ ಗೋಡೆಗಳು ತೆರೆದು ಮುಚ್ಚುತ್ತ ದೊಡ್ಡ ಪಡೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸುತ್ತವೆ. ಮೇಲಿನಿಂದ ಒಮ್ಮೆ, ಸವಾರನ ಕಣ್ಣಿನ ಮಟ್ಟದಿಂದ ಒಮ್ಮೆ ತೋರಿಸುವುದರಿಂದ ಸೇನಾಪತಿಗೆ ಕಾಣುವ ನಕ್ಷೆಯೂ ಸಿಕ್ಕಿಬಿದ್ದವನಿಗೆ ಕಾಣುವ ಗೋಡೆಯೂ ನಮಗೆ ದಕ್ಕುತ್ತವೆ. ಝೂಗೆ ಲಿಯಾಂಗ್ ಎಂಟು ವ್ಯೂಹಗಳ ವಿನ್ಯಾಸ ರಚಿಸಿದ್ದನೆಂದು ಚೆನ್ ಶೌ ಬರೆದಿದ್ದಾನೆ. ಅದು ಹೇಗಿತ್ತೆಂಬ ವಿವರ ಉಳಿದಿಲ್ಲ, ಹಾಗಾಗಿ ಇಲ್ಲಿ ಚಿತ್ರದ ಕಲ್ಪನೆಗೆ ಪೂರ್ಣ ಹಕ್ಕಿತ್ತು. ಆದರೆ ಅದೇ ದೃಶ್ಯದಲ್ಲಿ, ವ್ಯೂಹ ತನ್ನ ಕೆಲಸವನ್ನು ಮುಗಿಸುತ್ತಿರುವಾಗ, ನಾಯಕರು ಒಬ್ಬೊಬ್ಬರಾಗಿ ಇಳಿದು ಒಂಟಿಯಾಗಿ ಹತ್ತಾರು ಜನರನ್ನು ಕೆಡಹುತ್ತಾರೆ. ವ್ಯೂಹದ ಬುದ್ಧಿವಂತಿಕೆಗೆ ಇದರಿಂದ ಏಟು ಬೀಳುತ್ತದೆ; ಗೆದ್ದದ್ದು ಯೋಜನೆಯೋ ತೋಳ್ಬಲವೋ ಎಂಬುದು ಮಸುಕಾಗುತ್ತದೆ.

ಗುವಾನ್ ಹು ನಿರ್ದೇಶಿಸಿದ, 2020ರ 'ದಿ ಎಯ್ಟ್ ಹಂಡ್ರೆಡ್' ಈ ಅಳತೆಯಲ್ಲಿ ಇನ್ನೂ ಮೇಲಕ್ಕೆ ನಿಲ್ಲುತ್ತದೆ. 1937ರ ಅಕ್ಟೋಬರ್ ಕೊನೆಯಲ್ಲಿ ಶಾಂಘೈನ ಸಿಹಾಂಗ್ ಗೋದಾಮನ್ನು ನಾನೂರು ಚಿಲ್ಲರೆ ಚೀನೀ ಸೈನಿಕರು ಜಪಾನೀಯರಿಂದ ಕಾದುಕೊಂಡರು. ಎಂಟುನೂರು ಎಂಬುದು ಶತ್ರುವನ್ನು ನಂಬಿಸಲು ಹಬ್ಬಿಸಿದ ಸಂಖ್ಯೆ. ಒಂದು ಕಡೆ ಗೋದಾಮು, ನಡುವೆ ಕಿರಿದಾದ ಸುಝೌ ಹೊಳೆ, ಆಚೆ ದಡದಲ್ಲಿ ಜಪಾನ್ ಮುಟ್ಟಲಾರದ ವಿದೇಶಿ ವಸಾಹತು, ಅದರ ದೀಪಗಳು, ನೋಡುತ್ತ ನಿಂತ ಜನ. ಈ ಮೂರನ್ನು ಒಮ್ಮೆ ಗ್ರಹಿಸಿದರೆ ಸಾಕು, ಮುಂದಿನ ಪ್ರತಿಯೊಂದು ಗುಂಡೂ ಎಲ್ಲಿಂದ ಬಂತು, ಯಾರ ಕಣ್ಣೆದುರು ಬಂತು ಎಂದು ತಿಳಿಯುತ್ತದೆ.

ವ್ಯೂಹ, ಒಂಟಿ ವೀರ, ಅವನ ಹೊಗಳಿಕೆ... ಇದೆಲ್ಲ ನಮ್ಮ ಕುಮಾರವ್ಯಾಸನ ಯುದ್ಧಪರ್ವಗಳ ಹಾಗೇ ಅಲ್ಲವೇ?

ಹೋಲಿಕೆ ಇದೆ, ಮತ್ತು ಕನ್ನಡದ ಓದುಗರಿಗೆ ಅದು ಒಳದಾರಿಯಾಗಬಹುದು. ಗಮಕಿಯೋ ಕಥೆಗಾರನೋ ಸಭೆಯನ್ನು ಹಿಡಿದಿಡಬೇಕಾದರೆ ಸೈನ್ಯಕ್ಕಿಂತ ಒಬ್ಬ ಅಭಿಮನ್ಯು ಬೇಕು. ಮಗುವನ್ನು ಎದೆಗೆ ಕಟ್ಟಿಕೊಂಡು ಶತ್ರುಪಡೆಯನ್ನು ಸೀಳಿ ಬರುವ, ಲಿಯು ಬೇಯ ಸೇನಾನಿ ಝಾವೊ ಯುನ್ ಅಂಥ ಪಾತ್ರ. ವ್ಯತ್ಯಾಸವೆಂದರೆ, ಮೂರು ರಾಜ್ಯಗಳ ಕಥೆಯಲ್ಲಿ ದೈವದ ಕೈ ತೀರ ಸಣ್ಣದು. ಅಲ್ಲಿ ಗಾಳಿಯ ದಿಕ್ಕನ್ನು ಊಹಿಸಬಲ್ಲವನೇ ದೊಡ್ಡವನು, ಮತ್ತು ಚಿತ್ರ ಆ ಊಹೆಯನ್ನು ಮಂತ್ರದಿಂದ ಬಿಡಿಸಿ ಹವಾಮಾನದ ಅರಿವಾಗಿಯೇ ತೋರಿಸಿದೆ.

ಬಜೆಟ್ ಹೆಚ್ಚಾದಷ್ಟೂ ಸಿನಿಮಾ ಚೆನ್ನಾಗಿ ಬರುತ್ತದೆ ಅನ್ನಬಹುದೇ?

ಅನ್ನಲಾಗದು. 'ರೆಡ್ ಕ್ಲಿಫ್'ನ ಎರಡೂ ಭಾಗಗಳಿಗೆ ಸುಮಾರು 8 ಕೋಟಿ ಡಾಲರ್ ಖರ್ಚಾಯಿತು. ಏಷ್ಯಾದ ಹಣದಲ್ಲಿ ಅದುವರೆಗೆ ಅಷ್ಟು ದುಬಾರಿಯ ಚಿತ್ರ ಬಂದಿರಲಿಲ್ಲ. 2016ರಲ್ಲಿ ಝಾಂಗ್ ಯಿಮೌ ಸುಮಾರು 15 ಕೋಟಿ ಡಾಲರಿನಲ್ಲಿ, ಮ್ಯಾಟ್ ಡೇಮನ್‌ನನ್ನು ಮುಂದಿಟ್ಟುಕೊಂಡು 'ದಿ ಗ್ರೇಟ್ ವಾಲ್' ಮಾಡಿದ. ಬಣ್ಣದ ಕವಚಗಳ ಹೊರತು ಅದರಲ್ಲಿ ನೆನಪಿನಲ್ಲುಳಿಯುವುದು ಕಡಿಮೆ. ಹಣ ಎಷ್ಟೆಂಬುದಕ್ಕಿಂತ ಎಲ್ಲಿ ಸುರಿಯಿತೆಂಬುದು ಮುಖ್ಯ. ಚೆನ್ ಕೈಗೆಯ 'ದಿ ಎಂಪರರ್ ಆಂಡ್ ದಿ ಅಸಾಸಿನ್'ಗಾಗಿ ಝೆಜಿಯಾಂಗ್ ಪ್ರಾಂತದ ಹೆಂಗ್‌ಡಿಯನ್‌ನಲ್ಲಿ 1997ರಲ್ಲಿ ಕಟ್ಟಿದ, ಪ್ರಾಚೀನ ಚಿನ್ ರಾಜ್ಯದ ಅರಮನೆಯ ಪ್ರತಿರೂಪ ಇಂದಿಗೂ ನಿಂತಿದ್ದು, ಎಷ್ಟೋ ಚಿತ್ರಗಳಿಗೆ ನೆಲೆಯಾಗಿದೆ. ಆ ಚಿತ್ರದಲ್ಲಿ ಮನುಷ್ಯ ಅರಮನೆಯ ಮೆಟ್ಟಿಲುಗಳ ಮೇಲೆ ಎಷ್ಟು ಚಿಕ್ಕವನಾಗಿ ಕಾಣುತ್ತಾನೆಂಬುದೇ ಕಥೆಯ ಅರ್ಥಕ್ಕೆ ಸೇರಿದ ಸಂಗತಿ.

## ಆಳಕ್ಕೆ ಇಳಿದವರಿಗೆ

'ಹೀರೋ' ಕಣ್ಣಿಗೆ ಹಬ್ಬ. ಆದರೆ ಅದು ಸರ್ವಾಧಿಕಾರಿಗೆ ಜೈಕಾರ ಹಾಕುತ್ತದೆ ಅನ್ನುವವರ ಮಾತು ಸರಿಯೇ?

ಆ ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಝಾಂಗ್ ಯಿಮೌನ 2002ರ ಈ ಚಿತ್ರದಲ್ಲಿ, ಚಿನ್ ರಾಜನನ್ನು ಕೊಲ್ಲಲು ಹತ್ತು ಹೆಜ್ಜೆಯಷ್ಟು ಹತ್ತಿರ ಬಂದವನು, ನಾಡೆಲ್ಲ ಒಂದಾಗಿ ಯುದ್ಧ ನಿಲ್ಲಲೆಂದು ಕೈ ತಡೆಯುತ್ತಾನೆ. ಬಣ್ಣದಿಂದ ಬಣ್ಣಕ್ಕೆ ಕಥೆಯನ್ನು ಹೊರಳಿಸುವ ಕಲೆಗಾರಿಕೆ ಅಪೂರ್ವವಾದದ್ದು. ಆದರೆ ಕ್ರಿ.ಪೂ. 221ರಲ್ಲಿ ಮುಗಿದ ಆ ಏಕೀಕರಣದ ಬೆಲೆಯೇನೆಂಬುದನ್ನು ಚಿತ್ರ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಡುವುದಿಲ್ಲ. ಕೊಲೆಗಾರರು ಬಂದದ್ದು ಝಾವೊ ರಾಜ್ಯದಿಂದ. ಅದೇ ಝಾವೊ ರಾಜ್ಯದ ಶರಣಾದ ಸೈನಿಕರನ್ನು ಕ್ರಿ.ಪೂ. 260ರಲ್ಲಿ ಚಾಂಗ್‌ಪಿಂಗ್ ಎಂಬಲ್ಲಿ ಚಿನ್ ಸೈನ್ಯ ಹೂತುಹಾಕಿತೆಂದು, ಸತ್ತವರ ಸಂಖ್ಯೆ ನಾಲ್ಕು ಲಕ್ಷಕ್ಕೆ ಮುಟ್ಟಿತೆಂದು ಪ್ರಾಚೀನ ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ. ಸಂಖ್ಯೆ ಉತ್ಪ್ರೇಕ್ಷೆಯಿರಬಹುದು, ನೆನಪು ಉತ್ಪ್ರೇಕ್ಷೆಯಲ್ಲ. ಅದನ್ನು ಹೊತ್ತವರು ರಾಜನನ್ನು ಕ್ಷಮಿಸುವುದಾದರೆ ಆ ಕ್ಷಮೆ ದುಬಾರಿಯಾಗಿ ಕಾಣಬೇಕಿತ್ತು. ಚೆನ್ ಕೈಗೆಯ ಚಿತ್ರ ಅದೇ ರಾಜನ ಕಥೆಯನ್ನು ಹೇಳುವಾಗ ಝಾವೊ ಮಕ್ಕಳ ಸಾವನ್ನು ತೋರಿಸಿ ಪ್ರಶ್ನೆಯನ್ನು ಜೀವಂತವಾಗಿಡುತ್ತದೆ. 'ಹೀರೋ' ಹೆಚ್ಚು ಸುಂದರವಾದ ಚಿತ್ರ, ಚೆನ್ ಕೈಗೆಯದು ಹೆಚ್ಚು ಪ್ರಾಮಾಣಿಕವಾದದ್ದು.

ಈಗ ಬರುತ್ತಿರುವುದೆಲ್ಲ ಸರ್ಕಾರದ ಪ್ರಚಾರವೇ ಅಲ್ಲವೇ? ಅದನ್ನು ಸಿನಿಮಾ ಅಂತ ಯಾಕೆ ನೋಡಬೇಕು?

ಪ್ರಭುತ್ವದ ಹಿಡಿತ ನಿಜ. 2018ರಲ್ಲಿ ಚಲನಚಿತ್ರಗಳ ಉಸ್ತುವಾರಿಯನ್ನು ನೇರವಾಗಿ ಕಮ್ಯುನಿಸ್ಟ್ ಪಕ್ಷದ ಪ್ರಚಾರ ವಿಭಾಗಕ್ಕೆ ಒಪ್ಪಿಸಲಾಯಿತು. 'ದಿ ಎಯ್ಟ್ ಹಂಡ್ರೆಡ್' 2019ರ ಶಾಂಘೈ ಚಿತ್ರೋತ್ಸವದ ಆರಂಭದ ಚಿತ್ರವಾಗಬೇಕಿತ್ತು. ತಾಂತ್ರಿಕ ಕಾರಣವೆಂದು ಹೇಳಿ ಅದನ್ನು ಕೊನೆಗಳಿಗೆಯಲ್ಲಿ ಹಿಂತೆಗೆಯಲಾಯಿತು. ಗೋದಾಮನ್ನು ಕಾದವರು ಕಮ್ಯುನಿಸ್ಟರಲ್ಲ, ರಾಷ್ಟ್ರೀಯವಾದಿ ಪಕ್ಷದ ಸೈನಿಕರು ಎಂಬುದೇ ತೊಡಕಾಗಿತ್ತೆಂದು ಬಹಳ ಜನ ಭಾವಿಸಿದರು. ಮರುವರ್ಷ ಬಿಡುಗಡೆಯಾದಾಗ, ಸೈನಿಕರು ಪ್ರಾಣ ಕೊಟ್ಟು ಏರಿಸುವ ಬಾವುಟ ತೆರೆಯ ಮೇಲೆ ಸ್ಪಷ್ಟವಾಗಿ ಕಾಣಲೇ ಇಲ್ಲ.

ಚೆನ್ ಕೈಗೆ, ತ್ಸುಯಿ ಹಾರ್ಕ್ ಮತ್ತು ಡಾಂಟೆ ಲ್ಯಾಮ್ ಮೂವರೂ ಸೇರಿ ನಿರ್ದೇಶಿಸಿದ, 2021ರ 'ದಿ ಬ್ಯಾಟಲ್ ಅಟ್ ಲೇಕ್ ಚಾಂಗ್‌ಜಿನ್' ಇನ್ನೊಂದು ಬಗೆಯದು. 1950ರ ಚಳಿಗಾಲದಲ್ಲಿ ಕೊರಿಯಾದ ಬೆಟ್ಟಗಳಲ್ಲಿ ಅಮೆರಿಕದ ಪಡೆಗಳ ವಿರುದ್ಧ ನಡೆದ ಆ ಕದನವನ್ನು ಅದು ಸಂಪೂರ್ಣ ರಕ್ಷಣಾತ್ಮಕ ಯುದ್ಧವೆಂಬಂತೆ ಹೇಳುತ್ತದೆ; ಅದೇ ವರ್ಷದ ಜೂನ್ 25ರಂದು ಉತ್ತರ ಕೊರಿಯಾ ದಕ್ಷಿಣದ ಮೇಲೆ ನುಗ್ಗಿದ್ದರಿಂದ ಯುದ್ಧ ಮೊದಲಾಯಿತೆಂಬುದು ಅದರಲ್ಲಿ ಪ್ರೇಕ್ಷಕನ ಮನಸ್ಸಿಗೆ ಬರುವುದೇ ಇಲ್ಲ. ಚಿತ್ರ ಹೊಗಳುವ, ಹೊಂಚು ಹಾಕಿ ಮಲಗಿದ್ದಲ್ಲೇ ಹೆಪ್ಪುಗಟ್ಟಿ ಸತ್ತ ಸೈನಿಕರ ಬಗ್ಗೆ ಸಾಮಾಜಿಕ ಜಾಲತಾಣದಲ್ಲಿ ಹಗುರವಾಗಿ ಬರೆದ ಪತ್ರಕರ್ತ ಲುವೊ ಚಾಂಗ್‌ಪಿಂಗ್‌ಗೆ 2022ರಲ್ಲಿ ಏಳು ತಿಂಗಳ ಸೆರೆಯಾಯಿತು. ಇಂಥ ವಾತಾವರಣದಲ್ಲಿ ಒಳಗಿನ ವಿಮರ್ಶೆ ಹೇಗೆ ಬೆಳೆದೀತು?

ಇಷ್ಟಾದರೂ ನೋಡಬೇಕು ಎನ್ನುತ್ತೇನೆ. ಬೆಚ್ಚನೆಯ ಪೂರ್ವ ಚೀನಾದಿಂದ ಬಂದ ಆ ಸೈನ್ಯಕ್ಕೆ ಚಳಿಗಾಲದ ಸಾಕಷ್ಟು ಉಡುಪಿರಲಿಲ್ಲವೆಂಬುದು ಚಾರಿತ್ರಿಕ ಸತ್ಯ. ಕಲ್ಲಾದ ಆಲೂಗಡ್ಡೆಯನ್ನು ಹಲ್ಲಿನಿಂದ ಕಡಿಯಲಾಗದ ಹುಡುಗರ ದೃಶ್ಯದಲ್ಲಿ ಆ ಸತ್ಯ, ಚಿತ್ರದ ಘೋಷಣೆಗಳನ್ನೂ ಮೀರಿ, ಹೊರಗೆ ಬರುತ್ತದೆ. ಅವರನ್ನು ಹಾಗೆ ಕಳಿಸಿದವರು ಯಾರೆಂದು ಚಿತ್ರ ಕೇಳುವುದಿಲ್ಲ. ನೋಡುವವನು ಕೇಳಬಹುದು.

ಒಳ್ಳೆಯ ಯುದ್ಧಚಿತ್ರ ಅಂದರೆ ಅದು ಯುದ್ಧವನ್ನು ವಿರೋಧಿಸಲೇಬೇಕೇ?

ಬಾಯಿಮಾತಿನ ವಿರೋಧದಿಂದ ಏನೂ ಆಗುವುದಿಲ್ಲ. 'ರೆಡ್ ಕ್ಲಿಫ್' ತನ್ನ ಎರಡನೆಯ ಭಾಗದಲ್ಲಿ ಬೆಂಕಿಯನ್ನು ಹಬ್ಬದಂತೆ ತೋರಿಸಿ, ಕೊನೆಗೆ ಝೌ ಯುವಿನ ಬಾಯಲ್ಲಿ ಇಲ್ಲಿ ಗೆದ್ದವರಿಲ್ಲವೆಂಬ ಮಾತನ್ನು ಆಡಿಸುತ್ತದೆ. ಆ ಮಾತು ಒಳ್ಳೆಯದು, ಆದರೆ ಅದಕ್ಕೆ ಮುಂಚಿನ ಕಾಳಗದ ದೃಶ್ಯಗಳು ಅದನ್ನು ಗಳಿಸಿಕೊಟ್ಟಿಲ್ಲ.

ಪೀಟರ್ ಚಾನ್‌ನ 2007ರ 'ದಿ ವಾರ್‌ಲಾರ್ಡ್ಸ್' ಬೇರೆ ದಾರಿ ಹಿಡಿಯುತ್ತದೆ. 19ನೆಯ ಶತಮಾನದಲ್ಲಿ ಚಿಂಗ್ ಪ್ರಭುತ್ವದ ವಿರುದ್ಧ ಎದ್ದ ತೈಪಿಂಗ್ ದಂಗೆಯ ಕಾಲದ ಮೂವರು ಪ್ರಮಾಣಬದ್ಧ ಸೋದರರ ಕಥೆ ಅದು. ಪ್ರಾಂತಾಧಿಪತಿ ಮಾ ಶಿನ್‌ಯಿ 1870ರಲ್ಲಿ ಕೊಲೆಯಾದ ಪ್ರಸಂಗದಿಂದ ಹುಟ್ಟಿದ್ದು. ಸುಝೌ ಕೋಟೆ ಶರಣಾದ ಮೇಲೆ, ಒಬ್ಬ ಸೋದರ ಸೆರೆಯಾಳುಗಳಿಗೆ ಪ್ರಾಣಭಿಕ್ಷೆಯ ಮಾತು ಕೊಟ್ಟಿದ್ದಾನೆ; ಜೆಟ್ ಲಿ ನಟಿಸಿದ ಹಿರಿಯ ಸೋದರ, ಇರುವ ಧಾನ್ಯ ತನ್ನ ಸೈನ್ಯಕ್ಕೇ ಸಾಲದೆಂದು ಅವರನ್ನು ಕೊಲ್ಲಲು ಆಜ್ಞೆ ಕೊಡುತ್ತಾನೆ. 1863ರಲ್ಲಿ ಸುಝೌನಲ್ಲಿ ಶರಣಾದ ತೈಪಿಂಗ್ ನಾಯಕರನ್ನು ಚಿಂಗ್ ಸೇನಾನಿ ಲಿ ಹುಂಗ್‌ಝಾಂಗ್ ಕೊಲ್ಲಿಸಿದ್ದು ಚರಿತ್ರೆಯಲ್ಲಿದೆ. ಚಿತ್ರ ಆ ಆಜ್ಞೆ ಕೊಟ್ಟವನನ್ನು ರಾಕ್ಷಸನನ್ನಾಗಿಸುವುದಿಲ್ಲ. ಅವನ ಲೆಕ್ಕ ನಮಗೆ ಅರ್ಥವಾಗುತ್ತದೆ, ಅರ್ಥವಾದದ್ದಕ್ಕೇ ಹೊಟ್ಟೆ ತೊಳಸುತ್ತದೆ. ಧಾನ್ಯದ ಚೀಲಗಳನ್ನೂ ಸೆರೆಯಾಳುಗಳನ್ನೂ ಒಂದೇ ಲೆಕ್ಕದಲ್ಲಿ ತೂಗುವ ಆ ಒಂದು ಪ್ರಸಂಗಕ್ಕಾಗಿ, ನೌಕಾಪಡೆಗಳಿಲ್ಲದ ಈ ಚಿತ್ರವನ್ನು ನಾನು 'ರೆಡ್ ಕ್ಲಿಫ್'ಗಿಂತ ಒಂದು ಕೈ ಮೇಲೆ ಇಡುತ್ತೇನೆ.